ಸೊನ್ನೆಯನ್ನು ನಂಬಬಹುದೆ?

ಮುಂಗಾರು ಆರಂಭವಾಯಿತೆಂದರೆ ನಮ್ಮ ಮಂಡ್ಯ ಸೀಮೆಯ ರೈತನು ಬೆಳಿಗ್ಗೆ ಪತ್ರಿಕೆ ಕೈಗೆ ಬಂದೊಡನೆ ಮೊದಲು ಹುಡುಕುವುದು ಕನ್ನಂಬಾಡಿ ಕಟ್ಟೆಯ ನೀರಿನ ಮಟ್ಟವನ್ನು. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು ಎಂದು ಮೂಲೆಯೊಂದರಲ್ಲಿ ಅಚ್ಚಾಗಿರುತ್ತದೆ. ಅದನ್ನು ಓದಿದ ಮಾತ್ರಕ್ಕೆ ನಾಲೆಯ ತೂಬು ತೆರೆದುಕೊಳ್ಳುವುದಿಲ್ಲ, ತೆರೆಯಬೇಕಾಗಿಯೂ ಇಲ್ಲ. ಮಟ್ಟ ನೋಡುವುದು ಒಂದು ಕೆಲಸ, ನೀರು ಬಿಡುವುದು ಇನ್ನೊಂದು ಕೆಲಸ. ಮೊದಲನೆಯದನ್ನು ಪ್ರತಿದಿನವೂ ತಪ್ಪದೆ ಮಾಡಬೇಕು. ಎರಡನೆಯದನ್ನು ಯೋಚಿಸಿ ಮಾಡಬೇಕು. ಇಷ್ಟು ಸಾಮಾನ್ಯವಾದ ವಿವೇಕವನ್ನು ಗಣಕಯಂತ್ರದ ವಿಷಯದಲ್ಲಿ ನಾವು ಏಕೆ ಮರೆಯುತ್ತೇವೆ ಎಂಬುದೇ ಈ ಲೇಖನದ ಪ್ರಶ್ನೆ.

ಕಲಾ ವಿಭಾಗದ ವಿದ್ಯಾರ್ಥಿಗೆ ಇದೇಕೆ ಎಂದು ಸಹಪಾಠಿ ಮಿತ್ರರು ನಗಬಹುದು. ನಗುವ ಮೊದಲು ಸ್ವಲ್ಪ ಸಹನೆಯಿಂದ ಓದಬೇಕೆಂದು ಪ್ರಾರ್ಥನೆ. ನಾನು ಹೇಳಹೊರಟಿರುವುದು ಯಂತ್ರದ ಮಾತಾದರೂ, ಅದರ ಒಳಗಿರುವುದು ನಾವು ತರ್ಕದಲ್ಲಿಯೂ ಇತಿಹಾಸದಲ್ಲಿಯೂ ಕಾಣುವ ಒಂದು ಹಳೆಯ ಪ್ರಶ್ನೆಯೇ.

ಬಸರಾಳಿನಲ್ಲಿ ನನ್ನ ಸೋದರಮಾವನವರದೊಂದು ಜೆರಾಕ್ಸ್ ಅಂಗಡಿಯುಂಟು. ಕಾಲೇಜು ಮುಗಿದ ಮೇಲೆ ಸಂಜೆ ಅಲ್ಲಿ ಕೂತು ಅರ್ಜಿ ತುಂಬುವುದು, ಕಾಗದ ಪತ್ರಗಳನ್ನು ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಅಂಗಡಿಯ ಎರಡು ಗಣಕಗಳಲ್ಲಿ ಒಂದು ಬಹಳ ಹಳೆಯದು. ಅದರಲ್ಲಿದ್ದ ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಹನ್ನೊಂದನೆಯದು ಆ ಹಳೆಯ ಯಂತ್ರಕ್ಕೆ ಒಗ್ಗದು. ಆದುದರಿಂದ ಅದರಲ್ಲಿ ನಾನು ಉಬುಂಟು ಹಾಕಿದೆ. ಬೆಲೆಯಿಲ್ಲದೆ ದೊರಕುವ ಈ ವ್ಯವಸ್ಥೆಯಲ್ಲಿ ಎಲ್ಲವೂ ಪ್ಯಾಕೇಜುಗಳ ರೂಪದಲ್ಲಿರುತ್ತವೆ. ಮುದ್ರಣ ಯಂತ್ರವನ್ನು ನಡೆಸುವುದೊಂದು ಪ್ಯಾಕೇಜು, ಚಿತ್ರ ತೋರಿಸುವುದೊಂದು, ಗೂಢಲಿಪಿಯ ಲೆಕ್ಕ ಮಾಡುವುದೊಂದು. ಕನ್ನಡವನ್ನು ತೆರೆಯ ಮೇಲೆ ಮೂಡಿಸುವ ಲೋಹಿತ್, ಗುಬ್ಬಿ, ನವಿಲು ಎಂಬ ಅಕ್ಷರಶೈಲಿಗಳೂ ಪ್ಯಾಕೇಜುಗಳೇ. ಇವನ್ನು ಮಾಡಿದವರು ಲೋಪ ಕಂಡಾಗಲೆಲ್ಲ ತಿದ್ದಿ ಹೊಸ ಆವೃತ್ತಿಯನ್ನು ಹೊರಡಿಸುತ್ತಾರೆ. ಲೋಪಗಳಲ್ಲಿ ಕೆಲವು ಬರಿಯ ಅಂದಗೇಡು. ಕೆಲವು ಮಾತ್ರ ಕಳ್ಳನಿಗೆ ಹಿತ್ತಲ ಬಾಗಿಲು ತೆರೆಯುವಂಥವು.

ಆ ಗಣಕದಲ್ಲಿ ಇರುವುದಾದರೂ ಏನು? ಹಳ್ಳಿಯ ಜನರ ಆಧಾರ್ ಪ್ರತಿಗಳು, ಪಹಣಿಗಳು, ಬ್ಯಾಂಕಿನ ಪಾಸುಬುಕ್ಕಿನ ಮೊದಲ ಹಾಳೆಗಳು, ವೃದ್ಧಾಪ್ಯ ವೇತನಕ್ಕೆ ಅರ್ಜಿ ಹಾಕಿದ ಅಜ್ಜಿಯರ ಭಾವಚಿತ್ರಗಳು. ಕೆಲಸ ಮುಗಿದ ಮೇಲೆ ಅಳಿಸಬೇಕೆಂಬ ನಿಯಮ ನಮಗುಂಟು. ಆದರೂ ಕೆಲವು ಉಳಿದೇ ಇರುತ್ತವೆ. "ನೀನೇ ನೋಡ್ಕಳಪ್ಪ" ಎಂದು ಅವರು ಕಾಗದವನ್ನು ಮೇಜಿನ ಮೇಲಿಟ್ಟು ಹೋಗುವುದು ಯಂತ್ರವನ್ನು ನಂಬಿಯಲ್ಲ, ನಮ್ಮನ್ನು ನಂಬಿ. ಹೀಗಿರುವಾಗ ಬಾಗಿಲಿಗೆ ಅಗಳಿ ಹಾಕಿದೆಯೇ ಎಂದು ದಿನಾ ನೋಡುವುದು ನಮ್ಮ ಹೊಣೆಯಲ್ಲವೆ?

ಹೀಗೆಂದುಕೊಂಡು ನಾನು ಪೈಥಾನ್ ಭಾಷೆಯಲ್ಲಿ ಇಪ್ಪತ್ತು ಸಾಲಿನ ಒಂದು ಲಿಪಿಯನ್ನು ಬರೆದೆ. ಗೈಡೋ ವಾನ್ ರಾಸಮ್ ಎಂಬ ಡಚ್ಚರು ರಚಿಸಿ 1991ರಲ್ಲಿ ಮೊದಲು ಹೊರತಂದ ಈ ಭಾಷೆಯು ಕಲಿಯುವವನಿಗೆ ಸುಲಭವಾದುದು. ಉಬುಂಟುವಿನಲ್ಲಿ ಪೈಥಾನ್-ಆಪ್ಟ್ ಎಂಬ ಸಲಕರಣೆ ಸಿದ್ಧವಾಗಿಯೇ ಇದೆ. ಕೆಲಸ ಮೂರು ಹೆಜ್ಜೆಯದು. ಮೊದಲನೆಯದಾಗಿ, ದೂರದ ಭಂಡಾರದಿಂದ ಇಂದಿನ ಪ್ಯಾಕೇಜುಗಳ ಪಟ್ಟಿಯನ್ನು ತರಿಸಬೇಕು. ಎರಡನೆಯದಾಗಿ, ಆ ಪಟ್ಟಿಯನ್ನು ನಮ್ಮಲ್ಲಿರುವ ಆವೃತ್ತಿಗಳೊಡನೆ ಹೋಲಿಸಬೇಕು. ಮೂರನೆಯದಾಗಿ, ವ್ಯತ್ಯಾಸವಿರುವುವನ್ನು ಎಣಿಸಿ ಹೇಳಬೇಕು. ಆಪ್ಟ್ ವ್ಯವಸ್ಥೆಯಲ್ಲಿ 'ಅಪ್‌ಡೇಟ್' ಎಂದರೆ ಪಟ್ಟಿ ತರುವುದು ಮಾತ್ರ. ಪ್ಯಾಕೇಜನ್ನು ನಿಜವಾಗಿ ಹಾಕುವುದು 'ಅಪ್‌ಗ್ರೇಡ್'. ಮಟ್ಟ ನೋಡುವುದು ಬೇರೆ, ನೀರು ಬಿಡುವುದು ಬೇರೆ ಎಂಬ ಭೇದ ಇಲ್ಲಿಯೂ ಉಂಟು.

ಲಿಪಿಯು ಗಣಕ ಹೊತ್ತಿಕೊಂಡೊಡನೆ ಓಡಿ, ತೆರೆಯ ಮೂಲೆಯಲ್ಲಿ "ಹೊಸ ಆವೃತ್ತಿಗಳು: 0" ಎಂದು ತೋರಿಸುತ್ತಿತ್ತು. ಮೊದಲ ದಿನ ಸೊನ್ನೆ, ಎರಡನೆಯ ದಿನ ಸೊನ್ನೆ, ಒಂದು ವಾರ ಸೊನ್ನೆ. ನನಗೆ ಹೆಮ್ಮೆಯಾಯಿತು. ಒಂದು ತಿಂಗಳು ಕಳೆದಾಗ ಮಾವನವರು ಕನ್ನಡಕ ಏರಿಸಿ ಕೇಳಿದರು:

"ಏನ್ಲಾ, ದಿನಾ ಸೊನ್ನೆ ಅಂತಾನೇ ಬರ್ತದೆ. ಹೊಸದು ಏನೂ ಬಂದಿಲ್ಲ ಅಂತಾನೋ, ಇಲ್ಲ ಈ ನಿನ್ನ ಆಳು ನೋಡೋಕೇ ಹೋಗಿಲ್ಲ ಅಂತಾನೋ?"

"ಹೋಗಿರ್ತದೆ ಬುಡಿ ಮಾವ" ಎಂದೆ.

"ಗದ್ದೇಲಿ ನೀರದೆ ಅಂತ ಆಳು ದಿನಾ ಬಂದು ಹೇಳುದ್ರೆ, ಮೊದ್ಲು ಅವನ ಕಾಲು ನೋಡ್ಬೇಕು ಕಣ್ಲಾ. ಕೆಸರು ಮೆತ್ಕಂಡಿಲ್ಲ ಅಂದ್ರೆ ಅವ್ನು ಗದ್ದೆಗೇ ಹೋಗಿಲ್ಲ."

ಏಳನೆಯ ತರಗತಿಗೆ ಓದು ಬಿಟ್ಟವರು ಅವರು. ಆ ಸಂಜೆ ನಾನು ಕೈಯಾರೆ ಪಟ್ಟಿ ತರಿಸಿ ನೋಡಿದೆ. ನೂರಕ್ಕೂ ಮೇಲ್ಪಟ್ಟು ಪ್ಯಾಕೇಜುಗಳು ಹಳೆಯವಾಗಿ ಕುಳಿತಿದ್ದವು. ಭದ್ರತೆಗೆ ಸಂಬಂಧಿಸಿದುವೂ ಅವುಗಳಲ್ಲಿ ಹಲವು.

ಆದುದೇನೆಂದರೆ, ಬೆಳಿಗ್ಗೆ ಅಂಗಡಿ ತೆರೆದು ಮೇನ್ ಸ್ವಿಚ್ಚು ಹಾಕಿದಾಗ ಗಣಕ ಬೇಗ ಎದ್ದು ನಿಲ್ಲುತ್ತದೆ. ಇಂಟರ್‌ನೆಟ್ಟಿನ ಪೆಟ್ಟಿಗೆ ಎಚ್ಚರಗೊಳ್ಳಲು ಇನ್ನೂ ಎರಡು ಮೂರು ನಿಮಿಷ ಬೇಕು. ಆ ಹೊತ್ತಿಗೆ ನನ್ನ ಲಿಪಿ ಓಡಿ ಮುಗಿದಿರುತ್ತಿತ್ತು. ಪಟ್ಟಿ ತರುವ ಮೊದಲ ಹೆಜ್ಜೆ ಪ್ರತಿದಿನವೂ ಸೋಲುತ್ತಿತ್ತು. ಸೋತುದನ್ನು ಪೈಥಾನ್ ಕೂಗಿಯೇ ಹೇಳುತ್ತದೆ. ಆದರೆ ತೆರೆಯ ಮೇಲೆ ಕೆಂಪು ಅಕ್ಷರ ಬಂದರೆ ಮಾವ ಗಾಬರಿಯಾದಾರೆಂದು, "ತಪ್ಪು ಬಂದರೆ ಸುಮ್ಮನೆ ಮುಂದೆ ಹೋಗು" ಎಂದು ನಾನೇ ಒಂದು ಸಾಲು ಬರೆದಿದ್ದೆ. ಡೇಟಾ ಉಳಿಸಲೆಂದು ಗಣಕವು ತಾನಾಗಿ ಪಟ್ಟಿ ತರುವ ಏರ್ಪಾಟನ್ನೂ ನಿಲ್ಲಿಸಿದ್ದವನು ನಾನೇ. ಲಿಪಿಯು ತಿಂಗಳ ಹಿಂದಿನ ಪಟ್ಟಿಯನ್ನೇ ತಿರುವಿ ಹಾಕಿ, "ಏನೂ ಇಲ್ಲ" ಎಂದು ಪ್ರಾಮಾಣಿಕವಾಗಿಯೇ ವರದಿ ಮಾಡುತ್ತಿತ್ತು. ಅದು ಸುಳ್ಳು ಹೇಳಲಿಲ್ಲ. ಹಳೆಯ ಪಟ್ಟಿಯಂತೆ ಹೊಸದೇನೂ ಇರಲಿಲ್ಲ. ಸುಳ್ಳು ಹೇಳಿದವನು ಅದನ್ನು ಬರೆದ ನಾನು.

ಅದರಿಂದ ಯಾರಿಗೂ ಕೇಡಾಗಲಿಲ್ಲ. ಆಗದೆ ಇದ್ದುದು ಅದೃಷ್ಟವೇ ಹೊರತು ನನ್ನ ಜಾಣತನವಲ್ಲ. ಲಿಪಿಯೇ ಇರದಿದ್ದರೆ ನಾನು ವಾರಕ್ಕೊಮ್ಮೆಯಾದರೂ ಸಂಶಯಪಟ್ಟು ಕೈಯಾರೆ ನೋಡುತ್ತಿದ್ದೆ. ಸೊನ್ನೆಯು ನನ್ನ ಸಂಶಯವನ್ನು ಮಲಗಿಸಿಬಿಟ್ಟಿತು. ಕಾವಲುಗಾರನಿಲ್ಲದ ಮನೆಗಿಂತ ನಿದ್ರಿಸುವ ಕಾವಲುಗಾರನಿರುವ ಮನೆಯೇ ಹೆಚ್ಚು ಅಪಾಯದ್ದು ಎಂಬುದು ನನ್ನ ಅಭಿಪ್ರಾಯ.

ಹುಡುಗನೊಬ್ಬನ ಅಜಾಗರೂಕತೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಈಕ್ವಿಫ್ಯಾಕ್ಸ್ ಎಂಬ ಸಂಸ್ಥೆಯು ಜನರ ಸಾಲದ ಚರಿತ್ರೆಯನ್ನು ಇಟ್ಟುಕೊಳ್ಳುವ ಕೆಲಸ ಮಾಡುತ್ತದೆ. ಅದು ಬಳಸುತ್ತಿದ್ದ ಅಪಾಚೆ ಸ್ಟ್ರಟ್ಸ್ ಎಂಬ ತಂತ್ರಾಂಶದಲ್ಲಿ ದೊಡ್ಡ ಲೋಪವಿದೆಯೆಂಬುದು 2017ರ ಮಾರ್ಚ್ ತಿಂಗಳಲ್ಲಿ ಪ್ರಕಟವಾಯಿತು. ತಿದ್ದಿದ ಆವೃತ್ತಿಯೂ ಆಗಲೇ ದೊರಕಿತು. ಸಂಸ್ಥೆಯವರು ಅದೇ ತಿಂಗಳು ತಮ್ಮ ಗಣಕಗಳನ್ನೆಲ್ಲ ತಪಾಸಣೆ ಮಾಡಿಸಿದರು. ತಪಾಸಣೆಯಲ್ಲಿ ಏನೂ ಕಾಣಲಿಲ್ಲ. ಲೋಪವಿದ್ದ ಗಣಕ ಅಲ್ಲಿಯೇ ಇತ್ತು. ತಪಾಸಣೆಗೆ ಅದು ಸಿಕ್ಕಲಿಲ್ಲ. ಮೇ ತಿಂಗಳಿನಿಂದ ಕಳ್ಳರು ಅದೇ ಬಾಗಿಲಿನಿಂದ ಹೊಕ್ಕು ಸುಮಾರು 14.7 ಕೋಟಿ ಜನರ ವಿವರಗಳನ್ನು ಒಯ್ದರು. ಇನ್ನೂ ವಿಚಿತ್ರವೆಂದರೆ, ಒಳಗೆ ಹೊರಗೆ ಹೋಗುವ ಮಾಹಿತಿಯನ್ನು ಪರೀಕ್ಷಿಸುವ ಉಪಕರಣದ ಪ್ರಮಾಣಪತ್ರವೊಂದರ ಅವಧಿ ತೀರಿಹೋಗಿ ಅದು ಬಹಳ ತಿಂಗಳುಗಳಿಂದ ಏನನ್ನೂ ಪರೀಕ್ಷಿಸುತ್ತಿರಲಿಲ್ಲ. ಜುಲೈ ಕೊನೆಯಲ್ಲಿ ಪ್ರಮಾಣಪತ್ರವನ್ನು ಹೊಸದು ಮಾಡಿದೊಡನೆ ಕಳವು ಕಣ್ಣಿಗೆ ಬಿದ್ದಿತು. ಎಲ್ಲರ ಮುಂದೆಯೂ ಸೊನ್ನೆಯಿತ್ತು. ಯಾರ ಕಾಲಿನಲ್ಲಿಯೂ ಕೆಸರಿರಲಿಲ್ಲ.

ನಮ್ಮ ಹಿರಿಯರು ಈ ವಿಷಯವನ್ನು ಗಣಕಯಂತ್ರಕ್ಕಿಂತ ಬಹಳ ಮೊದಲೇ ವಿಚಾರಿಸಿದ್ದಾರೆ. ಮೈಸೂರಿನ ಪ್ರೊಫೆಸರ್ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟಿಸಿದ ಭಾರತೀಯ ತತ್ವಶಾಸ್ತ್ರದ ಗ್ರಂಥವನ್ನು ಓದುವಾಗ ಅನುಪಲಬ್ಧಿ ಎಂಬ ಪ್ರಮಾಣದ ಪರಿಚಯ ನನಗಾಯಿತು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪುವ ಪ್ರಮಾಣವಿದು. ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆ ಇಲ್ಲವೆಂದು ತಿಳಿಯುತ್ತೇವೆ. ಆದರೆ ಅದಕ್ಕೊಂದು ನಿಬಂಧನೆಯುಂಟು: ಮಡಕೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿಯಲ್ಲಿ ನೋಡಿರಬೇಕು. ಕತ್ತಲೆಯ ಕೋಣೆಯಲ್ಲಿ ಕಾಣಲಿಲ್ಲವೆಂಬುದು ಇಲ್ಲವೆಂಬುದಕ್ಕೆ ಪ್ರಮಾಣವಾಗದು. ನನ್ನ ಲಿಪಿ ಮಾಡಿದುದು ಕತ್ತಲೆಯಲ್ಲಿ ಮಡಕೆ ಹುಡುಕುವ ಕೆಲಸ.

ಆದುದರಿಂದ ನಾನು ಲಿಪಿಯನ್ನು ತಿದ್ದಿ ಬರೆದೆ. ಈಗ ಅದರ ಉತ್ತರಗಳು ಎರಡಲ್ಲ, ಮೂರು: ಇದೆ, ಇಲ್ಲ, ತಿಳಿಯದು. ಬಲ್ಲವರು ಇದನ್ನು ಮೊದಲೇ ಮಾಡಿಟ್ಟಿದ್ದಾರೆಂಬುದು ಆಮೇಲೆ ತಿಳಿಯಿತು. ಫೆಡೋರಾ ಎಂಬ ಇನ್ನೊಂದು ವ್ಯವಸ್ಥೆಯ ಡಿಎನ್‌ಎಫ್ ಎಂಬ ಸಲಕರಣೆಯಲ್ಲಿ ಹೊಸ ಆವೃತ್ತಿಗಳಿವೆಯೇ ಎಂದು ಕೇಳಿದರೆ, ಇದ್ದರೆ 100, ಇಲ್ಲದಿದ್ದರೆ 0, ಕೇಳುವುದೇ ಸಾಧ್ಯವಾಗದಿದ್ದರೆ 1 ಎಂಬ ಸಂಕೇತವನ್ನು ಕೊಡುತ್ತದೆ. ಕರೆದ ಲಿಪಿಗೆ ಗೊಂದಲವೇ ಇಲ್ಲ. ನನ್ನ ಲಿಪಿಯು ಇಂಟರ್‌ನೆಟ್ಟು ಬರುವತನಕ ಕಾಯುತ್ತದೆ. ಆಮೇಲೂ ಆಗದಿದ್ದರೆ "ನೋಡಲಾಗಲಿಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಹೇಳುತ್ತದೆ. ಯಾವ ಉತ್ತರವಾದರೂ ಅದರ ಪಕ್ಕದಲ್ಲಿ ಪಟ್ಟಿ ಕಡೆಯ ಸಲ ಸರಿಯಾಗಿ ಬಂದ ದಿನಾಂಕವನ್ನೂ ಗಂಟೆಯನ್ನೂ ತೋರಿಸುತ್ತದೆ. ಮಾವನವರು ಅದಕ್ಕೆ "ಕೆಸರು" ಎಂದೇ ಹೆಸರಿಟ್ಟಿದ್ದಾರೆ.

ದಿನಾಂಕವಿಲ್ಲದ ಮಾತಿಗೆ ಬೆಲೆಯಿಲ್ಲವೆಂಬುದು ಇತಿಹಾಸದ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿಲ್ಲ. ನಮ್ಮೂರಿನ ಮಲ್ಲಿಕಾರ್ಜುನ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, 1234ರಲ್ಲಿ, ಹರಿಹರ ದಣ್ಣಾಯಕನು ಕಟ್ಟಿಸಿದನೆಂದು ನಾವು ಧೈರ್ಯವಾಗಿ ಹೇಳುತ್ತೇವೆ. ಯಾರು, ಯಾವಾಗ ಎಂಬೆರಡೂ ತಿಳಿದಿರುವುದರಿಂದಲೇ ಆ ಧೈರ್ಯ. ಕಲ್ಲಿಗೆ ಬೇಕಾದ ನಿಯಮ ಗಣಕಕ್ಕೆ ಬೇಡವೆ?

ಇನ್ನೆರಡು ಎಚ್ಚರಿಕೆಗಳನ್ನು ಇಂಥ ಲಿಪಿ ಬರೆಯುವ ಮಿತ್ರರಿಗೆ ಹೇಳಬೇಕು. ಮೊದಲನೆಯದು ಹೋಲಿಕೆಯ ವಿಷಯ. ಪೈಥಾನಿನ ಸ್ವಂತ ಪ್ಯಾಕೇಜುಗಳಿಗೆ ಪೈಪಿಐ ಎಂಬ ಭಂಡಾರವುಂಟು. ಯಾವ ಪ್ಯಾಕೇಜಿನ ಇತ್ತೀಚಿನ ಆವೃತ್ತಿ ಯಾವುದೆಂದು ಲಿಪಿಯು ಅದನ್ನು ನೇರವಾಗಿ ಕೇಳಬಹುದು. ಬಂದ ಉತ್ತರವನ್ನು ಬರಿಯ ಅಕ್ಷರಗಳೆಂದು ಭಾವಿಸಿ ನಿಘಂಟಿನ ಕ್ರಮದಲ್ಲಿ ಹೋಲಿಸಿದರೆ 1.10 ಎಂಬುದು 1.9ಕ್ಕಿಂತ ಹಳೆಯದೆಂದು ತೋರುತ್ತದೆ. ಹತ್ತನೆಯ ತರಗತಿ ಒಂಬತ್ತನೆಯದಕ್ಕಿಂತ ಕೆಳಗಿನದೆಂದಂತೆ! 2021ರ ಅಕ್ಟೋಬರಿನಲ್ಲಿ ಪೈಥಾನಿನ 3.9ರ ನಂತರ 3.10 ಬಂದಾಗ, ಮೊದಲ ಮೂರು ಅಕ್ಷರಗಳನ್ನಷ್ಟೇ ಓದುವ ಹಳೆಯ ಲಿಪಿಗಳು ಅದನ್ನು 3.1 ಎಂದು ತಿಳಿದು ತಡವರಿಸಿದುವು. ಪ್ಯಾಕೇಜಿಂಗ್ ಎಂಬ ಹೆಸರಿನದೇ ಒಂದು ಪ್ಯಾಕೇಜಿದೆ. ಹೋಲಿಕೆಯನ್ನು ಅದಕ್ಕೆ ಬಿಡುವುದು ಕ್ಷೇಮ. ಎರಡನೆಯದು, ಕಾಲ ಮುಗಿದ ವ್ಯವಸ್ಥೆಯ ಮೌನ. ಉಬುಂಟು 20.04ಕ್ಕೆ ಸಾಮಾನ್ಯ ಬೆಂಬಲವು 2025ರ ಮೇ ತಿಂಗಳಲ್ಲಿ ಮುಗಿಯಿತು. ಅದನ್ನು ಹಾಗೆಯೇ ಇಟ್ಟುಕೊಂಡವನ ಲಿಪಿಗೆ ದಿನವೂ ಸೊನ್ನೆ ದೊರೆತರೆ ಆಶ್ಚರ್ಯವಿಲ್ಲ. ತಿದ್ದುವವರೇ ಎದ್ದುಹೋದ ಮೇಲೆ ತಿದ್ದುಪಡಿ ಎಲ್ಲಿಂದ ಬರಬೇಕು? ಇಲ್ಲಿ ಸೊನ್ನೆಯು ಆರೋಗ್ಯದ ಲಕ್ಷಣವಲ್ಲ, ನಾಡಿ ನಿಂತ ಲಕ್ಷಣ.

"ಇಷ್ಟೆಲ್ಲ ಏಕೆ? ಹೊಸದು ಬಂದೊಡನೆ ತಾನಾಗಿಯೇ ಹಾಕಿಕೊಳ್ಳುವಂತೆ ಮಾಡಿಬಿಡು" ಎಂದು ಗೆಳೆಯನೊಬ್ಬನ ವಾದ. ಅದರಲ್ಲಿಯೂ ನ್ಯಾಯವುಂಟು. 2017ರ ಮೇ 12ರಂದು ವಾನಾಕ್ರೈ ಎಂಬ ಪಿಡುಗು ನೂರೈವತ್ತು ದೇಶಗಳಿಗೆ ಹಬ್ಬಿ ಇಂಗ್ಲೆಂಡಿನ ಆಸ್ಪತ್ರೆಗಳನ್ನೂ ಕಂಗೆಡಿಸಿತು. ಅದಕ್ಕೆ ಮದ್ದು ಅದೇ ವರ್ಷದ ಮಾರ್ಚ್ 14ರಂದೇ ಹೊರಬಂದಿತ್ತು, ಹಾಕಿಕೊಂಡಿರಲಿಲ್ಲ, ಅಷ್ಟೆ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ದೋಷಪೂರಿತ ನವೀಕರಣವೊಂದು ತಾನಾಗಿಯೇ ಹರಡಿ ಸುಮಾರು 85 ಲಕ್ಷ ಗಣಕಗಳನ್ನು ಕೆಡವಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿ ಕೊಡಬೇಕಾಯಿತು. ಅದೇ ವರ್ಷ ಎಕ್ಸ್‌ಜೆಡ್ ಎಂಬ ಪ್ಯಾಕೇಜಿನ ಹೊಸ ಆವೃತ್ತಿಯೊಳಗೇ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯಿತೇಕೆ ಎಂದು ಬೆನ್ನಟ್ಟಿದ ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರರಿಂದ ಅದು ಬಯಲಾಯಿತು. ಹೊಸದೆಲ್ಲವೂ ಒಳ್ಳೆಯದಲ್ಲ.

ಇಲ್ಲಿಯೂ ನಮ್ಮ ರೈತನೇ ನನಗೆ ಗುರು. ಮಂಡ್ಯದ ವಿ.ಸಿ. ಫಾರಮ್ಮಿನಲ್ಲಿ ಹೊಸ ಭತ್ತದ ತಳಿ ಬಂದಿದೆಯೆಂದು ಕೇಳಿದರೆ ಅವನು ವಿಚಾರಿಸದೆ ಇರುವುದಿಲ್ಲ, ಜಯ, ಐ.ಆರ್. 64, ತನು ಮೊದಲಾದ ತಳಿಗಳ ಹೆಸರು ಅವನಿಗೆ ಬಾಯಿಪಾಠ. ಆದರೆ ಕೇಳಿದ ವರ್ಷವೇ ಎಲ್ಲ ಗದ್ದೆಗೂ ಅದನ್ನೇ ನಾಟಿ ಮಾಡನು. ಒಂದು ಮಡಿಯಲ್ಲಿ ಹಾಕಿ ನೋಡುತ್ತಾನೆ. ಪೈಥಾನಿನಲ್ಲಿಯೂ ಹೀಗೆ ಪ್ರತ್ಯೇಕವಾದ ಮಡಿ ಮಾಡಿಕೊಳ್ಳುವ ಅನುಕೂಲವಿದೆ. ಅಲ್ಲಿ ಹೊಸದನ್ನು ಹಾಕಿದರೆ ಉಳಿದ ಗದ್ದೆಗೆ ತಗುಲದು. 2024ರ ಜೂನ್ ತಿಂಗಳಲ್ಲಿ ನಂಪೈ ಎಂಬ ಗಣಿತದ ಪ್ಯಾಕೇಜಿನ ಎರಡನೆಯ ದೊಡ್ಡ ಆವೃತ್ತಿ ಬಂದಾಗ, ಮೊದಲನೆಯದಕ್ಕೆ ಹೊಂದಿಸಿ ಕಟ್ಟಿದ್ದ ಎಷ್ಟೋ ಪ್ಯಾಕೇಜುಗಳು ಕೆಲಸ ನಿಲ್ಲಿಸಿದುವು. ಮಡಿಯಲ್ಲಿ ನೋಡಿದವರು ಪಾರಾದರು.

ಆದುದರಿಂದ ನನ್ನ ನಿಲುವು ಇದು. ಭದ್ರತೆಯ ತಿದ್ದುಪಡಿಗಳನ್ನು ತಡಮಾಡದೆ, ಬೇಕಾದರೆ ತಾನಾಗಿಯೇ ಹಾಕಿಕೊಳ್ಳುವಂತೆ ಬಿಡಬಹುದು; ಉಬುಂಟುವಿನಲ್ಲಿ ಅದಕ್ಕೆ ಏರ್ಪಾಟಿದೆ, ಡೇಟಾದ ಆಸೆಗೆ ನಾನು ನಿಲ್ಲಿಸಿದುದು ತಪ್ಪು. ಉಳಿದುವನ್ನು ದಿನಕ್ಕೊಮ್ಮೆ ಯಂತ್ರ ನೋಡಲಿ, ವಾರಕ್ಕೊಮ್ಮೆ ಮನುಷ್ಯ ತೀರ್ಮಾನಿಸಲಿ. ನಿಮಿಷಕ್ಕೊಮ್ಮೆ ಭಂಡಾರದ ಬಾಗಿಲು ಬಡಿಯುವುದು ಸಲ್ಲದು. ಅದನ್ನು ಬೆಲೆಯಿಲ್ಲದೆ ನಡೆಸುವವರ ಮೇಲೆ ಕರುಣೆಯಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ನೋಡಲಾಗದಿದ್ದಾಗ "ನೋಡಲಾಗಲಿಲ್ಲ" ಎಂದು ಹೇಳುವ ಪ್ರಾಮಾಣಿಕತೆಯನ್ನು ಯಂತ್ರಕ್ಕೆ ಕಲಿಸಬೇಕು.

ಯಂತ್ರಕ್ಕೆ ಕಲಿಸುವ ಮೊದಲು ನಾವು ಕಲಿತಿದ್ದೇವೆಯೆ? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ವಿದ್ಯಾರ್ಥಿವೇತನದ ಸುದ್ದಿ ಏನಾದರೂ ಬಂತೆ ಎಂದು ಎರಡನೆಯ ವರ್ಷದಲ್ಲಿ ನಮ್ಮಪ್ಪ ಕೇಳಿದಾಗಲೆಲ್ಲ "ಏನೂ ಬಂದಿಲ್ಲ" ಎನ್ನುತ್ತಿದ್ದೆ. ನಾನು ನೋಡಿರಲೇ ಇಲ್ಲ. ನೋಡಿದಾಗ ಕೊನೆಯ ದಿನಾಂಕ ಕಳೆದು ಹತ್ತು ದಿನವಾಗಿತ್ತು. ಅಪ್ಪ ನನ್ನ ಸೊನ್ನೆಯನ್ನು ನಂಬಿದರು. ಪರೀಕ್ಷಿಸಿ ನೋಡುವ ದಾರಿ ಅವರಿಗಿರಲಿಲ್ಲ. ಅಂಗಡಿಯ ಮೇಜಿನ ಮೇಲೆ ಕಾಗದವಿಟ್ಟು ಹೋಗುವ ಅಜ್ಜಿಗೂ ಆ ದಾರಿಯಿಲ್ಲ. ಪರೀಕ್ಷಿಸಲಾರದವರು ನಮ್ಮನ್ನು ನಂಬಿದಷ್ಟೂ ನಮ್ಮ ಸೊನ್ನೆಯ ಭಾರ ಹೆಚ್ಚು.

ನಾಳೆ ನಮ್ಮಲ್ಲಿ ಕೆಲವರು ಗುಮಾಸ್ತರಾಗುತ್ತೇವೆ, ಕೆಲವರು ಉಪಾಧ್ಯಾಯರು, ಕೆಲವರು ಅಂಗಡಿಯವರು. "ಏನೂ ಇಲ್ಲ" ಎಂದು ಹೇಳುವ ಸಂದರ್ಭ ಎಲ್ಲರಿಗೂ ದಿನಾ ಬರುತ್ತದೆ. ಹೇಳುವ ಮೊದಲು ಗದ್ದೆಗೆ ಹೋಗಿ ಬರೋಣ. ಹೋಗಲಾಗದಿದ್ದರೆ, ಹೋಗಲಿಲ್ಲವೆಂದೇ ಹೇಳೋಣ.